ತಲೆ ಎತ್ತಿದ ಮೊಳೆಗಳು

ಯಜಮಾನರ ಎಡಗಾಲಿನ ಕಾಲುಚೀಲ ಬೆಳಿಗ್ಗೆ ಅಂಗಡಿಗೆ ಬಂದಾಗ ಸರಿಯಾಗಿಯೇ ಇತ್ತು. ಮರದ ನೆಲದ ಮೇಲೆ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಅವರ ಹೆಬ್ಬೆರಳು ಹೊರಗೆ ಬಂದು ಲೋಕ ನೋಡುತ್ತಿತ್ತು.

ಅದು ಮನೆಗಳಿಗೆ ಮರದ ನೆಲ ಹಾಕಿಕೊಡುವ ಅಂಗಡಿ. ಗಿರಾಕಿಗಳು ಪಾದರಕ್ಷೆ ಬಿಟ್ಟು ನಡೆದು ನೋಡಲಿ ಎಂದು, ಬೀದಿಗೆ ಕಾಣುವ ಗಾಜಿನ ಕೋಣೆಯಲ್ಲಿ ಹೊಸ ಹಲಗೆ ಜೋಡಿಸಿ ಮೊಳೆ ಹೊಡೆಸಿದ್ದರು. ಸುತ್ತಿಗೆಯ ಏಟು ಮರಕ್ಕೆ ಬೀಳಬಾರದು ಎಂದು ಮೇಸ್ತ್ರಿ ಪ್ರತಿ ಮೊಳೆಯ ತಲೆಯನ್ನೂ ಒಂಚೂರು ಮೇಲೆ ಬಿಟ್ಟಿದ್ದ. ಆಮೇಲೆ ಅವನ್ನು ಒಳಗೆ ಕೂರಿಸಬೇಕಿತ್ತು. ಆ 'ಆಮೇಲೆ' ಬರುವ ಮೊದಲೇ ಅವನ ಹೆಂಡತಿಗೆ ಹೆರಿಗೆಯಾಗಿ, ಮಗುವಿನ ಮುಖ ನೋಡಲು ಹೋದವನು ಇನ್ನೂ ನೋಡುತ್ತಲೇ ಇದ್ದ.

"ಭಾಷಣಾ!" ಎಂದು ಯಜಮಾನರು ಕೂಗಿದರು.

ಭಾಷಣ ಎಂಬುದು ಅಂಗಡಿಯ ಮಾರಾಟಗಾರನಿಗೆ ಜೊತೆಯವರು ಇಟ್ಟ ಹೆಸರು. ಯಜಮಾನರಿಗೂ ಅದೇ ರೂಢಿಯಾಗಿತ್ತು. ಯಾವ ಹಲಗೆಯ ಬಗ್ಗೆ ಕೇಳಿದರೂ ಅವನು ಬೀಜ ಮೊಳೆತ ದಿನದಿಂದ ಶುರು ಮಾಡುತ್ತಿದ್ದ. ಸುತ್ತಿಗೆಯ ಗುಣ ವರ್ಣಿಸಿದರೆ ಕೇಳಿದವರಿಗೆ ಎರಡು ಕೊಳ್ಳೋಣ ಅನ್ನಿಸುತ್ತಿತ್ತು. ಆದರೆ ಸ್ವತಃ ಸುತ್ತಿಗೆ ಹಿಡಿದು ಅವನು ಗೋಡೆಗೆ ಒಂದು ಕ್ಯಾಲೆಂಡರನ್ನೂ ತೂಗುಹಾಕಿದವನಲ್ಲ.

"ಇಲ್ಲಿ ಬಗ್ಗಿ ನೋಡು."

ಭಾಷಣ ಬಗ್ಗಿ ನೋಡಿದ. ಕಿಟಕಿಯ ಬೆಳಕು ಓರೆಯಾಗಿ ಬಿದ್ದು, ಕೆರೆಯಲ್ಲಿ ಕಪ್ಪೆಗಳು ಕಣ್ಣು ಬಿಟ್ಟ ಹಾಗೆ ಸಾಲುಸಾಲು ಮೊಳೆಗಳು ತಲೆ ಎತ್ತಿ ಕೂತಿದ್ದವು.

"ಸಂಜೆ ಆ ಹೋಟೆಲಿನ ಮೇಡಂ ಬರ್ತಾರೆ. ಇಡೀ ಹೋಟೆಲಿಗೆ ನೆಲ ಹಾಕಿಸ್ತಾರಂತೆ. ಅಷ್ಟರಲ್ಲಿ ಒಂದು ಮೊಳೆಯೂ ಕಾಲಿಗೆ ಸಿಗಬಾರದು."

"ಸರ್, ಮೇಸ್ತ್ರಿಗೆ ಒಂದು ಫೋನು..."

"ಮೇಸ್ತ್ರಿ ಬಾಣಂತಿ ಹತ್ರ ಇದಾನೆ. ನೀನೇ ಮಾಡು. ದಿನಾ ಆ ಪಂಚು ತೋರಿಸಿ ಅಷ್ಟು ಹೇಳ್ತೀಯಲ್ಲ, ಇವತ್ತು ಬಳಸಿ ತೋರಿಸು. ಈ ಗಿರಾಕಿ ಕೈ ತಪ್ಪಿದರೆ ನಿನ್ನ ಕೆಲಸ ಕಾಯಂ ಆಗೋ ಮಾತು ಮರೆತುಬಿಡು."

ಹೀಗೆ ಹೇಳಿ ಯಜಮಾನರು ಹೆಬ್ಬೆರಳನ್ನು ಬೂಟಿನೊಳಗೆ ಬಚ್ಚಿಟ್ಟುಕೊಂಡು ಹೊರಟುಹೋದರು.

ಪಂಚು ಎಂದರೆ ಬೆರಳುದ್ದದ ಉಕ್ಕಿನ ಕಡ್ಡಿ. ಸಣ್ಣ ತುದಿಯನ್ನು ಮೊಳೆಯ ತಲೆಯ ಮೇಲಿಟ್ಟು ಇನ್ನೊಂದು ತುದಿಗೆ ಸುತ್ತಿಗೆಯಿಂದ ಬಡಿದರೆ ಮೊಳೆ ಮರದೊಳಗೆ ಇಳಿಯುತ್ತದೆ. 'ಇದು ಕೂತರೆ ಜಾರೋ ಮಾತೇ ಇಲ್ಲ' ಎಂದು ಭಾಷಣ ಎಷ್ಟೋ ಗಿರಾಕಿಗಳಿಗೆ ಭರವಸೆ ಕೊಟ್ಟಿದ್ದ. ಅವನು ಮೊಣಕಾಲೂರಿ ಮೊದಲ ಏಟು ಹಾಕಿದ. ಪಂಚು ಜಾರಿತು. ಹಲಗೆಯ ಮೇಲೆ ಒಂದು ಪುಟ್ಟ ಅರ್ಧಚಂದ್ರ ಮೂಡಿತು. ಎರಡನೆಯ ಏಟು ಅವನ ಹೆಬ್ಬೆರಳಿಗೇ ಬಿತ್ತು. ಅವನು ಬೆರಳನ್ನು ಬಾಯಲ್ಲಿಟ್ಟುಕೊಂಡ. ಅಂಗಡಿಯಲ್ಲಿ ಬಹಳ ದಿನಗಳ ಮೇಲೆ ಮೌನ ನೆಲೆಸಿತು.

ಆ ಮೌನಕ್ಕೆ ಗಾಬರಿಯಾಗಿಯೇ ವ್ಯಾನ್ ಡ್ರೈವರ್ ಒಳಗೆ ಬಂದ. "ಏನಯ್ಯಾ ಇದು, ಪೆನ್ನು ಹಿಡಿದ ಹಾಗೆ ಹಿಡಿದಿದೀಯ? ಕೊಡು ಇಲ್ಲಿ. ಇಷ್ಟು ಸಣ್ಣ ಮೊಳೆಗೆ ಕಡ್ಡಿ ಬೇರೆ ಕೇಡು!"

ಅವನು ಪಂಚನ್ನು ಬದಿಗಿಟ್ಟು, ಸುತ್ತಿಗೆ ಎತ್ತಿ ನೇರವಾಗಿ ಒಂದು ಬಾರಿಸಿದ. ಮೊಳೆ ಇಳಿಯಿತು, ಜೊತೆಗೆ ಸುತ್ತಲಿನ ಮರವೂ ಇಳಿಯಿತು. ಆ ಗುಂಡಿಯಲ್ಲಿ ನೀರು ಹಾಕಿದರೆ ಗುಬ್ಬಚ್ಚಿ ಸ್ನಾನ ಮಾಡಬಹುದಿತ್ತು.

"ಮೊಳೆ ಹೋಯ್ತಾ ಇಲ್ವಾ? ಅದನ್ನ ಹೇಳು" ಎಂದು ಡ್ರೈವರ್ ಕೇಳಿದ. ಉತ್ತರಕ್ಕೆ ಕಾಯದೆ, ಸಾಮಾನು ತಲುಪಿಸುವುದಿದೆ ಎಂದು ವ್ಯಾನ್ ಹತ್ತಿದ.

ಸದ್ದಿಗೆ ಲೆಕ್ಕ ಬರೆಯುವ ಅಕ್ಕ ಕನ್ನಡಕ ಮೇಲೇರಿಸಿಕೊಂಡು ಬಂದಳು. "ಇದಕ್ಯಾಕೆ ತಲೆ ಕೆಡಿಸ್ಕೋತೀಯ? ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಪೆಟ್ಟಿಗೆ ಇಡು. ಮರ ಹಬೆ ಕುಡಿದು ಉಬ್ಬುತ್ತೆ. ನಮ್ಮ ಭಾವ ಊಟದ ಮೇಜಿಗೆ ಹಾಗೇ ಮಾಡಿದ್ರು."

ಅಕ್ಕನ ಮಾತು ಸುಳ್ಳಾಗಲಿಲ್ಲ. ಇಸ್ತ್ರಿ ಪೆಟ್ಟಿಗೆ ಬಂತು, ಹಬೆ ಎದ್ದಿತು, ಗುಂಡಿ ಮೆಲ್ಲಗೆ ತುಂಬತೊಡಗಿತು. ಭಾಷಣನ ಮುಖವೂ ಅದರ ಜೊತೆ ಅರಳಿತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಯಾರೋ ತೇಗಕ್ಕೂ ಬೀಟೆಗೂ ಏನು ವ್ಯತ್ಯಾಸ ಎಂದು ಕೇಳಿದರು. ಕೇಳಬಾರದಿತ್ತು. ಭಾಷಣ ಬೀಜದಿಂದ ಶುರು ಮಾಡಿ ಇನ್ನೂ ಗಿಡದ ಹಂತದಲ್ಲಿದ್ದಾಗ, "ಅಯ್ಯೋ, ಹೊಗೆ!" ಎಂದು ಅಕ್ಕ ಕಿರುಚಿದಳು.

ಇಸ್ತ್ರಿ ಪೆಟ್ಟಿಗೆ ಎತ್ತಿದಾಗ, ದೋಣಿಯೊಂದು ಲಂಗರು ಹಾಕಿ ಹೋದಂತೆ ನೆಲದ ಮೇಲೆ ಕಂದು ಗುರುತು ಉಳಿದಿತ್ತು.

"ಭಾವ ಫೋನಿನಲ್ಲಿ ಮಾತಾಡ್ತಿರಲಿಲ್ಲ" ಎಂದು ಅಕ್ಕ ತನ್ನ ಮೇಜಿಗೆ ಹಿಂದಿರುಗಿದಳು.

ಭಾಷಣ ನೆಲದ ಮೇಲೆಯೇ ಕುಸಿದು ಕೂತ. ಮನೆಯಲ್ಲಿ ಹೆಂಡತಿಗೆ ಈ ತಿಂಗಳು ಕೆಲಸ ಕಾಯಂ ಆಗುತ್ತದೆ ಎಂದು ಹೇಳಿಯಾಗಿತ್ತು. ಅವಳು ಅದನ್ನು ತನ್ನ ತವರಿಗೆಲ್ಲ ಹೇಳಿಯಾಗಿತ್ತು. ಇನ್ನು ಆ ಸುದ್ದಿಯನ್ನು ಮನೆಮನೆಗೆ ಹೋಗಿ ವಾಪಸು ಪಡೆಯುವುದು ಹೇಗೆ?

ಸುಟ್ಟ ವಾಸನೆ ಹಿಡಿದು ಕೊನೆಗೆ ಬಂದವರು ಪಕ್ಕದ ಬಣ್ಣದಂಗಡಿಯ ತಾತ. ಅವರು ನೆಲವನ್ನು ನೋಡಿದರು, ಭಾಷಣನನ್ನು ನೋಡಿದರು. ಯಾವುದು ಹೆಚ್ಚು ಕೆಟ್ಟಿದೆ ಎಂದು ತೀರ್ಮಾನಿಸಲಾಗದೆ ಸುಟ್ಟ ಗುರುತಿಗೂ ಅವನಿಗೂ ಮಧ್ಯೆ ಕೂತರು.

"ಮೇಲೆ ಮೇಲೆ ಸುಟ್ಟಿದೆ ಅಷ್ಟೇ ಕಣಪ್ಪ. ಉಪ್ಪುಕಾಗದ ಹಾಕಿ ಉಜ್ಜು, ಹೋಗುತ್ತೆ. ಮೊಳೆ ಇಳಿದ ತೂತಿಗೆ ಆ ಮರದ ಪುಡೀನೇ ಅಂಟಿನಲ್ಲಿ ಕಲಸಿ ತುಂಬು. ಹಾಗೇ ಆ ಪಂಚನ್ನ ಕೆಳಗಡೆ ಹಿಡ್ಕೊ, ಕಿರುಬೆರಳು ನೆಲಕ್ಕೆ ಊರಿರಲಿ. ಜೋರಾಗಿ ಬಡೀಬೇಡ."

ಭಾಷಣ ಉಜ್ಜಿದ. ದೋಣಿ ಮಾಸಿತು, ಆಮೇಲೆ ಮುಳುಗಿತು. ಕಿರುಬೆರಳೂರಿ ಪಂಚಿಟ್ಟು ಟಕ್ ಎಂದು ಬಡಿದ. ಮೊಳೆ ಬುದ್ಧಿ ಬಂದಂತೆ ಒಳಗೆ ಸರಿಯಿತು. ಇನ್ನೊಂದಕ್ಕೆ ಬಡಿದ, ಅದೂ ಸರಿಯಿತು. ಬರಬರುತ್ತಾ ಅವನಿಗೆ ಒಂದು ಲಯವೇ ಸಿಕ್ಕಿತು. ಊಟಕ್ಕೆ ಕರೆದರೆ ತಲೆ ಎತ್ತಲಿಲ್ಲ. ಫೋನು ಬಡಿದುಕೊಂಡರೂ ಓಗೊಡಲಿಲ್ಲ. ಒಂದೊಂದು ತೂತಿಗೂ ಪುಡಿ ತುಂಬಿ, ಉಜ್ಜಿ, ಎಣ್ಣೆ ಸವರಿ, ಕೆನ್ನೆ ನೆಲಕ್ಕೆ ತಾಗಿಸಿ ಓರೆಗಣ್ಣಿನಿಂದ ನೋಡಿದ. ಸಂಜೆಯ ಹೊತ್ತಿಗೆ ನೆಲ ಎಳೆಯ ಮಗುವಿನ ಕೆನ್ನೆಯಂತಾಗಿತ್ತು. ಬಾಯಿಂದಲ್ಲದೆ ಕೈಯಿಂದಲೂ ಏನಾದರೂ ಆಗುತ್ತದೆ ಎಂಬುದು ಅವನಿಗೆ ಹೊಸ ವಿಷಯ.

ಯಜಮಾನರು ಹೊಸ ಕಾಲುಚೀಲದಲ್ಲಿ, ಹೋಟೆಲಿನ ಮೇಡಂ ಅವರನ್ನು ಮುಂದಿಟ್ಟುಕೊಂಡು ಬಂದರು. ಆಕೆ ಪಾದರಕ್ಷೆ ಬಿಟ್ಟು ಕೋಣೆಯ ಆ ತುದಿಯವರೆಗೆ ನಡೆದರು, ಈ ತುದಿಗೆ ವಾಪಸು ಬಂದರು. ಒಂದು ಕಡೆ ನಿಂತು ಪಾದದಿಂದ ನೆಲ ಸವರಿದರು. ಯಜಮಾನರು ಭಾಷಣನ ಕಡೆ ನೋಡಿ ಹುಬ್ಬು ಹಾರಿಸಿದರು. ಭಾಷಣನಿಗೆ ತಾನು ಆಗಲೇ ಕಾಯಂ ಆದಂತೆ ಅನ್ನಿಸಿತು.

"ಮೊಳೆಗಳು ಎಲ್ಲಿ?" ಎಂದರು ಮೇಡಂ.

"ಒಂದೂ ಇಲ್ಲ ಮೇಡಂ!" ಎಂದ ಭಾಷಣ. "ಎಲ್ಲಾ ಒಳಗೆ."

"ಛೇ! ಮೊನ್ನೆ ಬೀದಿಯಲ್ಲಿ ಹೋಗ್ತಾ ಗಾಜಿನಿಂದ ನೋಡಿದ್ದೆ. ಸಾಲಾಗಿ ಮೊಳೆ ತಲೆಗಳು ಹೊಳೀತಾ ಇದ್ವು, ಹಳೇ ಕಾಲದ ಹಡಗಿನ ನೆಲ ಇದ್ದ ಹಾಗೆ. ನನ್ನ ಹೋಟೆಲಿಗೆ ಅಂಥದ್ದೇ ಬೇಕು ಅಂತ ಬಂದಿದ್ದು. ನಯವಾದ ನೆಲ ಎಲ್ಲಾ ಅಂಗಡೀಲೂ ಸಿಗುತ್ತೆ."

ಯಜಮಾನರು ಜೀವನದಲ್ಲಿ ಎಂದೂ ತಡವರಿಸಿದವರಲ್ಲ. "ನಾನು ಬಡ್ಕೊಂಡೆ ಮೇಡಂ, ಮುಟ್ಟಬೇಡ ಅಂತ! ಇವನು ಕೇಳಬೇಕಲ್ಲ? ನೀವು ಬೆಳಿಗ್ಗೆ ಬನ್ನಿ. ಅಷ್ಟರಲ್ಲಿ ಹೇಗಿತ್ತೋ ಹಾಗೇ ಮಾಡಿಸಿ ಇಟ್ಟಿರ್ತೀನಿ."

ಭಾಷಣ ಇಕ್ಕಳ ತರಲು ಹೋದ.

ಮೇಡಂ ಹೊರಟರು. ಅವರನ್ನು ಕಾರಿನವರೆಗೆ ಬಿಡಲು ಯಜಮಾನರೂ ಹೋದರು. ಭಾಷಣ ಇಕ್ಕಳ ಹಿಡಿದು ಮತ್ತೆ ಮೊಣಕಾಲೂರಿದ. ಅಂಗೈಯಿಂದ ಒಂದೊಂದೇ ಹಲಗೆಯನ್ನು ತಡವಿದ. ದೀಪ ಹತ್ತಿರ ತಂದು, ಕೆನ್ನೆ ನೆಲಕ್ಕೆ ತಾಗಿಸಿ, ಓರೆಗಣ್ಣಿನಿಂದ ಹುಡುಕಿದ.

ಜೀವಮಾನದಲ್ಲಿ ಮೊದಲ ಬಾರಿಗೆ ಅವನು ಒಂದು ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿದ್ದನೆಂದರೆ, ಒಂದೇ ಒಂದು ಮೊಳೆಯೂ ಸಿಗಲಿಲ್ಲ.