ಸಾಕ್ಷಿಯಿಲ್ಲದ ಬುರ್ಲಿ

ಕಳೆದ ಡಿಸೆಂಬರಿನ ಎರಡನೆಯ ಭಾನುವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ, ಊರಾಚೆಯ ಹುಲ್ಲುಗಾವಲಿನಲ್ಲಿ ನಾನು ಒಂದು ಬುರ್ಲಿಯನ್ನು ನೋಡಿದೆ. ಇದಕ್ಕೆ ಸಾಕ್ಷಿ ಇಲ್ಲ.

ಬುರ್ಲಿಯನ್ನು ನೋಡುವುದು ಅಂಥ ದೊಡ್ಡ ಸಂಗತಿಯೇ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳಿದಳು. ಕೋಳಿಮರಿಯಷ್ಟು ಗಾತ್ರದ, ಒಣಹುಲ್ಲಿನ ಬಣ್ಣದ ಹಕ್ಕಿ ಅದು. ನಮ್ಮ ಕಾಲು ಇನ್ನೇನು ಅದರ ಮೇಲೆ ಬೀಳಬೇಕು ಎನ್ನುವವರೆಗೂ ಅಲುಗಾಡುವುದಿಲ್ಲ. ಆಮೇಲೆ ಬುರ್ರೆಂದು ಎದ್ದು, ಹತ್ತು ಮಾರು ದೂರದಲ್ಲಿ ಬಿದ್ದು, ಮತ್ತೆ ಹುಲ್ಲಾಗಿಬಿಡುತ್ತದೆ. ನಮ್ಮ ಪಕ್ಷಿವೀಕ್ಷಕರ ಬಳಗದ ಏಳು ಜನರಲ್ಲಿ ಆರು ಜನ ಅದನ್ನು ನೋಡಿದ್ದರು. ಉಳಿದವನು ನಾನು. ನಾಲ್ಕು ವರ್ಷಗಳಿಂದ ಪ್ರತಿ ಸಲವೂ ನಾನು ತಲೆ ಎತ್ತುವಷ್ಟರಲ್ಲಿ ಯಾರಾದರೊಬ್ಬರು "ಹೋಯ್ತು ಸಾರ್" ಎನ್ನುತ್ತಿದ್ದರು.

ಕಾರಣ ಸರಳ. ಬಳಗದ ಪಟ್ಟಿ ಬರೆಯುವವನು ನಾನು. ಹಕ್ಕಿ ಹಾರುವಾಗ ನಾನು ಅದರ ಹಿಂದಿನ ಹಕ್ಕಿಯನ್ನು ಬರೆಯುತ್ತಿರುತ್ತೇನೆ. ಇದು ಹಳೆಯ ರೋಗ. ಪತ್ರಿಕೆಯಲ್ಲಿದ್ದಾಗ ಒಂದು ಸಭೆಯಲ್ಲಿ ಭಾಷಣಕಾರರ ಮೇಲೆ ಯಾರೋ ಚಪ್ಪಲಿ ಎಸೆದರು. ಎರಡನೆಯ ಸಾಲಿನಲ್ಲಿ ಕೂತಿದ್ದ ನಾನು ಆ ಹೊತ್ತಿಗೆ ಭಾಷಣದ ಕೊನೆಯ ವಾಕ್ಯವನ್ನು ಅಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದೆ. ಚಪ್ಪಲಿ ಎಡಗಾಲಿನದೋ ಬಲಗಾಲಿನದೋ ಎಂಬುದನ್ನು ಪಕ್ಕದವರಿಂದ ಕೇಳಿ ತಿಳಿಯಬೇಕಾಯಿತು. ಒಬ್ಬರನ್ನಲ್ಲ, ಇಬ್ಬರನ್ನು. ಇಬ್ಬರು ಹೇಳದ ಸಂಗತಿ ನಮ್ಮ ಸುದ್ದಿಮನೆಯಲ್ಲಿ ಸುದ್ದಿಯಾಗುತ್ತಿರಲಿಲ್ಲ.

ನಿವೃತ್ತನಾಗಿ ಜಯನಗರದ ಮನೆಯಲ್ಲಿ ಕೂತಾಗ ಕೈಗೆ ಉಳಿದದ್ದು ಈ ನಿಯಮವೊಂದೇ. ಅದನ್ನೇ ಹಕ್ಕಿಗಳ ಮೇಲೆ ಹೇರಿದೆ. ಇಬ್ಬರು ನೋಡಿದರೆ ಮಾತ್ರ ಪಟ್ಟಿಗೆ. ಎಲ್ಲರೂ ಒಪ್ಪಿದರು, ಹನುಮಂತನಗರದ ಗಿರಿಜಾ ಮೇಡಂ ಅವರ ಗೂಬೆಯ ಪ್ರಕರಣದವರೆಗೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದ ಇವರು ಹುಳಿಮಾವು ಕೆರೆಯ ಏರಿಯ ಮೇಲಿನ ಹುಣಸೆಮರದಲ್ಲಿ ಒಂದು ಮೀನುಗೂಬೆಯನ್ನು ನೋಡಿದರು. ನಾವು ಆರು ಜನ ಆಗ ಎಳನೀರು ಕುಡಿಯುತ್ತಿದ್ದೆವು.

"ಪರೀಕ್ಷೆ ಹಾಲ್‌ನಲ್ಲಿ ಮೂವತ್ತು ವರ್ಷ ಕಾಪಿ ಹಿಡ್ದಿರೋ ಕಣ್ಣು ರೀ ಇದು. ಗೂಬೆ ಗೊತ್ತಾಗಲ್ವಾ?" ಎಂದರು.

"ಗೊತ್ತಾಗುತ್ತೆ ಮೇಡಂ. ಎರಡನೆಯವರು ಯಾರು?" ಎಂದೆ.

ಎರಡನೆಯವರು ಇರಲಿಲ್ಲ. ಅಂದಿನಿಂದ, ಚಳಿಗಾಲದ ನಡಿಗೆಗಳಿಗೆ ಅವರು ತರುವ ಅವರೆಕಾಳು ಉಪ್ಪಿಟ್ಟಿನಲ್ಲಿ ನನ್ನ ಪಾಲು ಡಬ್ಬಿಯ ತಳದಿಂದ ಬರತೊಡಗಿತು. ಅದರಲ್ಲಿ ಅವರೆಕಾಳು ಇರುವುದಿಲ್ಲ. ಇದನ್ನು ಇಬ್ಬರು ಗಮನಿಸಿದ್ದಾರೆ, ಹಾಗಾಗಿ ಬರೆಯುತ್ತಿದ್ದೇನೆ.

ಆ ಭಾನುವಾರ ವ್ಯಾನಿನಿಂದ ಇಳಿಯುತ್ತಲೇ ಮುನಿರಾಜಣ್ಣ ನನ್ನ ಮುಂದೆ ಕೈ ಚಾಚಿದರು. ಇವರು ಸುದ್ದಗುಂಟೆಪಾಳ್ಯದ ಮೂಲನಿವಾಸಿ. ಅವರ ಅಜ್ಜನ ರಾಗಿ ಹೊಲವಿದ್ದ ಕಡೆ ಈಗ ಅವರದೇ ಐದಂತಸ್ತಿನ ಪಿ.ಜಿ. ಇದೆ. "ಬೈಕ್ ಪಾರ್ಕಿಂಗ್ ಇದೆಯಲ್ಲ ಸಾರ್, ಅಲ್ಲೇ ಬುರ್ಲಿ ಏಳ್ತಿದ್ವು. ನಮ್ಮಜ್ಜ ಬಲೆ ಹಾಕೋರು. ಸಾರು ಮಾಡಿದ್ರೆ ಸಖತ್ತಾಗಿರ್ತಿತ್ತು" ಎಂದು ಹಿಂದೊಮ್ಮೆ ಹೇಳಿ, ಎಲ್ಲರ ಮುಖ ನೋಡಿ, "ಈಗ ಬರೀ ನೋಡೋದು ಬಿಡಿ" ಎಂದು ಸೇರಿಸಿದ್ದರು. ನಮ್ಮಲ್ಲಿ ಉಳಿದವರು ಹಕ್ಕಿಗಳನ್ನು ಪುಸ್ತಕ ನೋಡಿ ಕಲಿತವರು. ಮುನಿರಾಜಣ್ಣ ತಟ್ಟೆ ನೋಡಿ ಕಲಿತವರು.

"ಬುಕ್ಕು ಇಲ್ಲಿ ಕೊಡಿ ಸಾರ್. ಇವತ್ತೊಂದಿನ ನಾನು ಬರ್ಕೋತೀನಿ. ನೀವು ಬರೀ ಕಣ್ಣು ಬಿಟ್ಕೊಂಡು ನಡೀರಿ."

ಕೊಟ್ಟೆ. ಸುಮ್ಮನೆ ಕೊಡಬಹುದಿತ್ತು. "ಇಬ್ಬರು ನೋಡಿರಬೇಕು, ನೆನಪಿರಲಿ" ಎಂದೆ.

"ಯಾರೇ ಹೇಳಿದ್ರೂ?"

"ಯಾರೇ ಹೇಳಿದರೂ."

ಕೈಯಲ್ಲಿ ಪುಸ್ತಕವಿಲ್ಲದೆ ನಡೆಯುವುದು ಚಪ್ಪಲಿಯಿಲ್ಲದೆ ನಡೆದಂತೆ ಅನ್ನಿಸುತ್ತಿತ್ತು. ಮಂಜು ಕರಗಿ ಹುಲ್ಲಿನ ತುದಿಗಳು ಹೊಳೆಯುತ್ತಿದ್ದವು. ಮೊಣಕಾಲಿನವರೆಗೆ ಪ್ಯಾಂಟು ಒದ್ದೆ, ಕಾಲುಚೀಲದ ತುಂಬ ಹುಲ್ಲಿನ ಮುಳ್ಳು. ಏಳು ನಲವತ್ತಕ್ಕೆ ಮುಂದಿದ್ದವರು "ಹ್ಯಾರಿಯರ್! ಹ್ಯಾರಿಯರ್!" ಎಂದು ಕೂಗಿದರು. ಚಳಿಗಾಲಕ್ಕೆ ಉತ್ತರದಿಂದ ಬರುವ ಗಿಡುಗ ಅದು. ಎಲ್ಲರ ದುರ್ಬೀನುಗಳೂ ಆಕಾಶಕ್ಕೆ ಎದ್ದವು. ನನಗೆ ತಲೆ ಬಗ್ಗಿಸುವ ಅಭ್ಯಾಸ. ಬರೆಯಲು ಬಗ್ಗಿಸಿದೆ, ಪುಸ್ತಕ ಇರಲಿಲ್ಲ. ನನ್ನ ಬಲಗಾಲಿನ ಬೂಟಿನ ಪಕ್ಕದಲ್ಲಿ ಬುರ್ಲಿ ಇತ್ತು.

ಹಾರಲಿಲ್ಲ. ಕೂತಿತ್ತು. ಹುಬ್ಬಿನ ಮೇಲೆ ತೆಳು ಬಿಳಿ ಗೆರೆ, ಬೆನ್ನಿನ ಮೇಲೆ ಒಣಹುಲ್ಲಿನ ಗೀಟುಗಳು, ಕಪ್ಪು ಮಣಿಯಂಥ ಒಂದು ಕಣ್ಣು. ಬಾಯಿ ತೆರೆದರೆ ಹಾರುತ್ತದೆ, ತೆರೆಯದಿದ್ದರೆ ಸಾಕ್ಷಿ ಸಿಗುವುದಿಲ್ಲ. ಆರು ಜನರ ಬೆನ್ನು ನನ್ನ ಕಡೆಗಿತ್ತು. ನಾನು ಬಾಯಿ ತೆರೆಯಲಿಲ್ಲ. ನಾಲ್ಕು ವರ್ಷ ಕಾದವನು ಇನ್ನೊಂದು ಗಳಿಗೆ ನೋಡಬೇಕೆಂದುಕೊಂಡೆ. ನೋಡಿದೆ. ಆಮೇಲೆ ಅದು ಎದ್ದು ಹೋಯಿತು. ಮುಂದಿದ್ದವರು ತಿರುಗಿದರು.

"ಏನ್ ಸಾರ್ ಅದು ಸದ್ದು?"

"ಬುರ್ಲಿ."

"ಎಲ್ಲಿ? ಎಲ್ಲಿ?"

"ಹೋಯ್ತು" ಎಂದೆ. ಈ ಮಾತನ್ನು ನಾನು ಹೇಳಿದ್ದು ಅದೇ ಮೊದಲು.

ಒಂಬತ್ತಕ್ಕೆ ವ್ಯಾನಿನ ನೆರಳಿನಲ್ಲಿ ಪಟ್ಟಿ ಓದುವ ಶಾಸ್ತ್ರ. ಒಬ್ಬೊಬ್ಬರ ಕೈಯಲ್ಲೂ ಒಂದು ಕಾಗದದ ತಟ್ಟೆ. ಮುನಿರಾಜಣ್ಣ ಹೆಸರು ಕೂಗುವುದು, ಇಬ್ಬರು "ನೋಡ್ದೆ" ಎನ್ನುವುದು. ಕಾಜಾಣ, ಟಿಟ್ಟಿಭ, ನೆಲಗುಬ್ಬಿ, ಹ್ಯಾರಿಯರ್ ಎಲ್ಲ ದಾಟಿದವು.

"ಬುರ್ಲಿ?"

"ನೋಡಿದೆ" ಎಂದೆ.

ಅವರು ಪೆನ್ನು ಎತ್ತಿ ಹಿಡಿದೇ ನಿಂತರು. "ಎರಡನೇವ್ರು ಯಾರು ಸಾರ್?"

"ಸದ್ದು ಕೇಳಿದಿರಲ್ಲ."

"ಸದ್ದು ಕೇಳ್ದೆ. ಕಣ್ಣಲ್ಲಿ ನೋಡಿಲ್ಲ. ಯಾರೇ ಹೇಳಿದ್ರೂ ಅಂದಿದ್ರಿ."

ಆಗ ಗಿರಿಜಾ ಮೇಡಂ ಉಪ್ಪಿಟ್ಟಿನ ಡಬ್ಬಿಯ ಮುಚ್ಚಳ ತೆಗೆದರು. ಮೇಲ್ಪದರದಲ್ಲಿ ಹಸಿರು ಅವರೆಕಾಳು ತುಂಬಿದ್ದವು. ಸೌಟನ್ನು ನನ್ನ ತಟ್ಟೆಯ ಮೇಲೆ ಹಿಡಿದು, ತಗ್ಗಿದ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದರು: "ನನ್ ಗೂಬೇನ ಸೇರಿಸ್ಬಿಡಿ. ನಿಮ್ ಬುರ್ಲಿಗೆ ನಾನೇ ಸಾಕ್ಷಿ."

"ನೀವು ನೋಡಿದಿರಾ ಮೇಡಂ?"

"ನನ್ ಗೂಬೇನ ನೀವು ನೋಡಿದ್ರಾ?"

ಉದ್ಯೋಗದಲ್ಲಿದ್ದಾಗ ನನಗೆ ಯಾರೂ ಇಷ್ಟು ನೇರವಾದ ಆಮಿಷ ಒಡ್ಡಿರಲಿಲ್ಲ. ಒಡ್ಡಿದ್ದರೂ ಅದರ ಮೇಲೆ ಕಾಯಿತುರಿ ಇರುತ್ತಿರಲಿಲ್ಲ. ನಾನು ಅವರೆಕಾಳನ್ನು ನೋಡಿದೆ, ಆ ಕಪ್ಪು ಕಣ್ಣು ನೆನಪಾಯಿತು. ಅಷ್ಟು ಚೆನ್ನಾಗಿ ನೋಡಿದ ಹಕ್ಕಿಗೆ ಸುಳ್ಳು ಸಾಕ್ಷಿ ಹಾಕಿಸಲು ಮನಸ್ಸು ಬರಲಿಲ್ಲ.

"ಬೇಡ ಮೇಡಂ. ಎರಡೂ ಬೇಡ" ಎಂದೆ.

"ಹಾಗಾದ್ರೆ ತಟ್ಟೆ ಕೊಡಿ" ಎಂದು ಅವರು ಸೌಟನ್ನು ತಳದವರೆಗೆ ಇಳಿಸಿದರು.

ಮುನಿರಾಜಣ್ಣ ಬುರ್ಲಿಯ ಹೆಸರನ್ನು ಹೊಡೆದುಹಾಕಿದರು. ಆಮೇಲೆ ಪುಸ್ತಕದ ಕೊನೆಯ ಪುಟ ತೆರೆದು, ತಲೆಯ ಮೇಲೆ "ಒಬ್ರೇ ನೋಡಿದ್ದು" ಎಂದು ಬರೆದು, ಕೆಳಗೆ ಎರಡು ಸಾಲು ಸೇರಿಸಿದರು. ಒಂದು ಗೂಬೆ, ಒಂದು ಬುರ್ಲಿ. "ಇದು ಪಟ್ಟಿ ಅಲ್ಲ ಸಾರ್, ಹಿಂದಿನ ಪುಟ ಅಷ್ಟೇ" ಎಂದರು.

ಪುಸ್ತಕ ಈಗಲೂ ಅವರ ಬಳಿಯೇ ಇದೆ. ಮೊನ್ನೆ ಭಾನುವಾರ ಆ ಪುಟ ತುಂಬಿತು. ಅದರಲ್ಲಿ ಹದಿನೆಂಟು ಹಕ್ಕಿಗಳಿವೆ. ಹದಿನೇಳು ಗಿರಿಜಾ ಮೇಡಂ ನೋಡಿದವು.