ಸಮುದ್ರಕ್ಕೆ ಚರಗ

ದೇವರನ್ನು ನಂಬದವರನ್ನು ನೀವು ನೋಡಿರುತ್ತೀರಿ. ಸಮುದ್ರವನ್ನು ನಂಬದವರನ್ನು? ಹಾಗಾದರೆ ನಮ್ಮ ದೊಡ್ಡವ್ವನನ್ನು ನೋಡಬೇಕು! ಕಾರವಾರದ ಕಡೆಯ ಹೋಟೆಲೊಂದರ ಬಾಲ್ಕನಿಯಲ್ಲಿ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು, ಇಡೀ ಅರಬ್ಬೀ ಸಮುದ್ರವನ್ನು ನಿಧಾನವಾಗಿ ಅಳೆದು ಆಕೆ ಹೇಳಿದ್ದು ಇಷ್ಟೇ: "ಚಲೋ ಹೊಲಾ ಹಾಳ ಮಾಡ್ಯಾರ. ಯಾರೋ ಮೋಟರ್ ಬಂದ್ ಮಾಡೋದು ಮರತಾರ."

ಕೇಳಿಕೊಂಡು ಸುಮ್ಮನಿರಲು ನನಗಾಗುತ್ತದೆಯೇ? ಬೈಲಹೊಂಗಲದ ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ, ಎದುರಾಳಿಯ ಮೊದಲ ವಾಕ್ಯ ಮುಗಿಯುವುದರೊಳಗೆ ಎರಡನೆಯದನ್ನೂ ಖಂಡಿಸಿ ಅಭ್ಯಾಸವಾದವಳು ನಾನು.

"ದೊಡ್ಡವ್ವಾ, ಇದು ಸಮುದ್ರ. ಬೇಕಾದ್ರ ಬಾಯಾಗ ಹಾಕ್ಕೊಂಡು ನೋಡು, ಉಪ್ಪ ಇರ್ತದ."

"ಇರಲಾರದ ಏನ? ನೀರ ನಿಂತ ನಿಂತ ಹೊಲ ಸವಳ ಆಗೇತಿ. ಕಾಲುವಿ ಬಂದ ಮ್ಯಾಲ ನಮ್ಮ ಕಡೆ ಎಷ್ಟ ಹೊಲಾ ಹಿಂಗ ಆಗಿಲ್ಲ?"

ವಾದ ನನ್ನೊಡನೆ, ಕಣ್ಣು ಮಾತ್ರ ಹಿಂದೆ ಬೆತ್ತದ ಕುರ್ಚಿಯಲ್ಲಿ ಕುಳಿತ ದೊಡ್ಡಪ್ಪನ ಮೇಲೆ. ದೊಡ್ಡಪ್ಪ ಅಲೆಗಳನ್ನು ನೋಡುತ್ತಿದ್ದ. ಅಥವಾ ಅವುಗಳ ಆಚೆ ಏನನ್ನೋ.

ಮನೋಳಿಯಲ್ಲಿ ಮಲಪ್ರಭೆಯ ದಂಡೆಗಿದ್ದ ಅವರ ಹೊಲ ಹೊಸ ರಸ್ತೆಗೆ ಹೋಯಿತು. ಅದರೊಂದಿಗೆ ದೊಡ್ಡಪ್ಪನ ಮಾತೂ ಹೋಯಿತು. ಅಲ್ಲಿಯವರೆಗೆ ಹೆಂಡತಿಯ ಮಾತು ತಿದ್ದುವುದೇ ಆತನ ಅರ್ಧ ಬದುಕು. ತಿಥಿ ತಪ್ಪು, ಬೀಗರ ವಯಸ್ಸು ತಪ್ಪು, ಸಾರಿನ ಉಪ್ಪು ತಪ್ಪು! ಈಗ ಆಕೆ ಸೋಮವಾರವನ್ನು ಶುಕ್ರವಾರ ಎಂದರೂ ತಲೆಯಾಡಿಸುತ್ತಾನೆ. ಸಮುದ್ರದ ಗಾಳಿಗಾದರೂ ಬಾಯಿ ಬಿಟ್ಟಾನೆಂದು ನಮ್ಮಪ್ಪ ಈ ಹೋಟೆಲಿಗೆ ಕರೆತಂದಿದ್ದ. ಎಳ್ಳ ಅಮಾವಾಸ್ಯೆಯ ದಿನವೇ ಅಲ್ಲಿರಬೇಕೆಂದು ಹಟ ಹಿಡಿದದ್ದು ಮಾತ್ರ ದೊಡ್ಡವ್ವ.

ಮರುದಿನ ಮುಂಜಾನೆ ನಾಷ್ಟಾದ ಸಭಾಂಗಣ. ಉದ್ದಕ್ಕೂ ಮೇಜು, ಮುಚ್ಚಳ ತೆರೆದಲ್ಲೆಲ್ಲ ಹಬೆ, ಬೇಕಾದ್ದು ಬೇಕಾದಷ್ಟು. ದೊಡ್ಡವ್ವ ನಿಂತಲ್ಲೇ ಕೇಳಿದಳು, "ಯಾರ ಮದವಿ ಇದು?" ಉತ್ತರಕ್ಕೂ ಕಾಯದೆ, ಬಾಗಿಲಲ್ಲಿ ರೇಷ್ಮೆ ಸೀರೆಯುಟ್ಟು ನಮಸ್ಕರಿಸುತ್ತಿದ್ದ ಸ್ವಾಗತಕಾರಿಣಿಯ ಉಡಿಯಲ್ಲಿ ಕುಬಸದ ಖಣವನ್ನೂ ತೆಂಗಿನಕಾಯನ್ನೂ ಇಟ್ಟು, "ಗಂಡ ಚಲೋ ಅದಾನಿಲ್ಲವಾ?" ಎಂದುಬಿಟ್ಟಳು! ಆ ಹುಡುಗಿ ತಬ್ಬಿಬ್ಬಾಗಿ ಕಾಲಿಗೆ ಬಿದ್ದಳು. ದೊಡ್ಡವ್ವ ತಿರುಗಿ ದೊಡ್ಡಪ್ಪನನ್ನು ನೋಡಿದಳು. ಆತ ಚಹಾ ಕಲಕುತ್ತಿದ್ದ.

ಕೋಣೆಯ ಬಾಡಿಗೆಯಲ್ಲೇ ನಾಷ್ಟಾವೂ ಸೇರಿರುತ್ತದೆಂದು ನಾನು ವಿವರಿಸಿದೆ.

"ನಿನ್ನ ಯಾರ ಕೇಳಿದ್ರವಾ, ವಕೀಲವ್ವ?"

ಮಧ್ಯಾಹ್ನ ಇಳಿಯುತ್ತಿತ್ತು. ಬಿಸಿಲು ಹಳದಿಯಾಗಿ, ನೀರಿಗೂ ಆಕಾಶಕ್ಕೂ ನಡುವಿನ ಬದು ಅಳಿಸಿಹೋಗಿತ್ತು. ಕಣ್ಣು ಅರೆ ಮುಚ್ಚಿದರೆ ಅಲೆಯಲ್ಲ, ಗಾಳಿಗೆ ಬಾಗಿ ಏಳುವ ಜೋಳವೇ. ಆಗ, ದೊಡ್ಡಪ್ಪನನ್ನು ಬಾಲ್ಕನಿಯ ಕುರ್ಚಿಯಲ್ಲೇ ಬಿಟ್ಟು ನನ್ನೊಡನೆ ಮರಳಿಗಿಳಿದ ದೊಡ್ಡವ್ವ ಗಂಟು ಬಿಚ್ಚಿದಳು: ಸಜ್ಜೆ ರೊಟ್ಟಿ, ಕಡಬು, ಬದನೆಕಾಯಿ. ಅಂದು ಎಳ್ಳ ಅಮಾವಾಸ್ಯೆ; ನಮ್ಮ ಕಡೆ ಆ ದಿನ ಚರಗ ಚೆಲ್ಲುತ್ತಾರೆ. ಬೆಳೆ ಹೊತ್ತ ಭೂಮಿ ಬಸುರಿಯಂತೆ, ಬಸುರಿಗೆ ಬಯಕೆಯಂತೆ. ಅದಕ್ಕೇ ಹೊಲದ ನಾಲ್ಕು ದಿಕ್ಕಿಗೂ ಅಡುಗೆ ಎರಚುವುದು. ಚೆಲ್ಲುವವರು "ಹುಲ್ಲುಲ್ಲಿಗೋ" ಎಂದು ಕೂಗಬೇಕು, ಹಿಂದೆ ನೀರು ಚಿಮುಕಿಸುವವರು "ಚಲಾಂಬರಿಗೋ" ಎಂದು ಓಗೊಡಬೇಕು. ಅರ್ಥ? ಕೇಳಬೇಡಿ, ಹೇಳಿದವರಿಲ್ಲ!

"ಸಮುದ್ರಕ್ಕ ಯಾಕ ದೊಡ್ಡವ್ವಾ? ಇದೇನು ಬಸುರಿ ಅಲ್ಲ."

"ಅಲ್ಲೇನು? ಮತ್ತ ಅಷ್ಟ ಮೀನಾ ಯಾರ ಹಡದಾರ?"



ಆಕೆ ಬರಿಗಾಲಲ್ಲಿ ನಡೆದುಹೋಗಿ, ಮುಳುಗುವ ಸೂರ್ಯನ ಕಡೆಗೆ ತುತ್ತು ಎರಚಿದಳು. "ಹುಲ್ಲುಲ್ಲಿಗೋ!" ಕಾವಲುಗಾರ ಸೀಟಿ ಊದಿದ. ಬೇರೆ ಉತ್ತರವಿಲ್ಲ. ಮತ್ತೆ ಅತ್ತಲೇ ಎರಚಿ ಕೂಗಿದಳು. ನನಗೇ ತಡೆಯಲಾಗದೆ ಓಗೊಡಲು ಬಾಯಿ ತೆರೆದೆ. ಆಕೆ ತಿರುಗಿ ಎಂಥ ನೋಟ ನೋಡಿದಳೆಂದರೆ, ತೆರೆದ ಬಾಯಿ ಹಾಗೇ ಮುಚ್ಚಿತು.

"ಏ! ತೆಲಿ ನೆಟ್ಟಗ ಐತೇನ ನಿಂದು?" ಕೂಗು ಹೋಟೆಲಿನ ಕಡೆಯಿಂದ.

ಕೋಣೆಯ ನೀರಿನ ಜಗ್ಗು ಹಿಡಿದು, ಧೋತರ ಎತ್ತಿಕೊಂಡು, ಏದುಸಿರು ಬಿಡುತ್ತ ದೊಡ್ಡಪ್ಪ ಮರಳಲ್ಲಿ ಬರುತ್ತಿದ್ದ. "ಪಡುವಲಕ್ಕ ಯಾರರೆ ಮೊದಲ ಚೆಲ್ಲತಾರೇನ? ಮೂಡಲ ಮೊದಲ, ಮೂಡಲ! ಇಷ್ಟ ವರ್ಷ ಆತು, ಇನ್ನೂ ಕಲೀಲಿಲ್ಲ!"

ಚಿಕ್ಕಂದಿನಿಂದ ಆ ಹೊಲದಲ್ಲಿ ನೋಡಿದವಳು ನಾನು. ಮೂಡಲಕ್ಕಲ್ಲದೆ ಬೇರೆಡೆಗೆ ಆಕೆಯ ಮೊದಲ ತುತ್ತು ಎಂದೂ ಬಿದ್ದದ್ದಿಲ್ಲ. ಅದನ್ನು ಸಾಕ್ಷಿಸಮೇತ ಸಾಧಿಸಬಲ್ಲೆ. ಸಾಧಿಸಲಿಲ್ಲ.

"ಹೌದೇನ್ರಿ?" ಎಂದಳು ದೊಡ್ಡವ್ವ. "ನನಗೇನ ತಿಳೀತದ, ನೀವ ಹೇಳ್ರಿ." ಹೋಟೆಲಿನ ಕಡೆಗೆ, ಅಂದರೆ ಮೂಡಲಕ್ಕೆ, ತಿರುಗಿ ಕೂಗಿದಳು. ಹಿಂದಿನಿಂದ ಒಡೆದ ದನಿಯೊಂದು "ಚಲಾಂಬರಿಗೋ" ಎಂದಿತು.

"ಅಲಿ ಮುಖಕ್ಕ ಹಾರ್ತದ ನೋಡವಾ," ಎನ್ನುತ್ತ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಲೆ ಇನ್ನೂ ಬಹಳ ದೂರದಲ್ಲಿತ್ತು.