ಗಿರಿಜಮ್ಮನವರ ಆಶೀರ್ವಾದ

ಭಾನುವಾರ ಬೆಳಗ್ಗೆ ದಿಲ್ಲಿಯ ರೋಹಿಣಿ ಬಡಾವಣೆಯಲ್ಲಿ, ತನ್ನ ಮೂರನೇ ಮಹಡಿಯ ಮನೆಯ ಬಾಲ್ಕನಿಯಲ್ಲಿ ಆದರ್ಶ ಅರೆಗಣ್ಣು ಮುಚ್ಚಿ ತೂಗುತ್ತಿದ್ದ. ಕೂತದ್ದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ತೂಗುತ್ತಿದ್ದದ್ದು ಮನಸ್ಸಿನಲ್ಲಿ. ಸಂಜೆಗೆ ಅಲ್ಲೊಂದು ಬೆತ್ತದ ತೂಗುಕುರ್ಚಿ ಬರಲಿತ್ತು. ಮಡಿಲಲ್ಲಿ ಕಡಲೆಕಾಯಿ ಇಟ್ಟುಕೊಂಡು, ಮಂಜು ಕರಗಿ ಎಳೆಬಿಸಿಲು ಮೈಮೇಲೆ ಹರಿಯುವಾಗ, ದಿಲ್ಲಿಯ ಚಳಿಗಾಲವನ್ನೆಲ್ಲ ತೂಗಿ ತೂಗಿ ಕಳೆಯುವುದು ಅವನ ಕನಸು.

ಈ ಸಲ ಕನಸಿನ ಜೊತೆ ಹಣವೂ ಇತ್ತು. ಎರಡು ವರ್ಷ ತನ್ನನ್ನು ಕಬ್ಬಿನ ಹಾಗೆ ಹಿಂಡಿದ್ದ ಕ್ರೆಡಿಟ್ ಕಾರ್ಡನ್ನು ಕತ್ತರಿಸಿ ಎಸೆದು, ಇನ್ನು ಯಾರ ಹತ್ತಿರವೂ ಸಾಲ ಮಾಡುವುದಿಲ್ಲವೆಂದು ಶಪಥ ಮಾಡಿದ್ದ. ತುಮಕೂರಿನಿಂದ ಬಂದಿದ್ದ ತಾಯಿ ಗಿರಿಜಮ್ಮನವರ ಕೈಗೆ ತಿಂಗಳ ಮನೆಖರ್ಚನ್ನು ನಗದಾಗಿ ಕೊಟ್ಟು, ಉಳಿದದ್ದನ್ನು ಕುರ್ಚಿಗೆಂದು ಎತ್ತಿಟ್ಟಿದ್ದ.

ಹಾಲು ತರಲು ಮೆಟ್ಟಿಲಿಳಿದರೆ, ಕೆಳಗಿನ ಮನೆಯ ಖುರಾನಾ ಅಡ್ಡ ನಿಂತರು. ಊರವರ ಉಸಾಬರಿಯೆಲ್ಲ ಅವರದೇ.

"ಬೇಟಾ, ಉಧಾರ್ ಬಹುತ್ ಬುರೀ ಚೀಜ್ ಹೈ," ಎಂದರು, ಸಾವಿನ ಮನೆಗೆ ಬಂದವರ ದನಿಯಲ್ಲಿ.

ಹಿಂದಿಯ ಉಧಾರ್ ಎಂದರೆ ನಮ್ಮ ಸಾಲ; ಅದು ಬಲು ಕೆಟ್ಟದ್ದು ಎಂದು ಅವರ ಉಪದೇಶ. ತನಗೆ ಸಾಲವೇ ಇಲ್ಲವೆಂದು ಆದರ್ಶ ನಕ್ಕ. "ಅಚ್ಛಾ," ಎಂದು ಖುರಾನಾ ಅವನ ಬೆನ್ನು ಸವರಿದರು. ಗೇಟಿನ ಕಾವಲುಗಾರನೂ ಅವನನ್ನು ಅಯ್ಯೋ ಪಾಪ ಎಂಬಂತೆ ನೋಡಿದ. ಇಸ್ತ್ರಿಯವನಂತೂ ಅಂಗಿ ಹಿಂದಿರುಗಿಸುವ ಮೊದಲೇ ದುಡ್ಡಿಗೆ ಕೈ ಚಾಚಿದ. ಆದರ್ಶ ಹಾಲಿಗೆಂದು ಕಿರಾಣಿ ಅಂಗಡಿಗೆ ಸರಸರ ನಡೆದ.

ಅಂಗಡಿಯ ಕಿಶನ್ ವಿಷಯ ಬಿಡಿಸಿ ಹೇಳಿದ. ಅಕ್ಕಿ, ಬೇಳೆ, ತುಪ್ಪ, ತಿಂಗಳಿಡೀ ಬಂದ ಸಾಮಾನೆಲ್ಲ ಸಾಲದಲ್ಲೇ ಬಂದಿತ್ತು.

"ನಮ್ಮಮ್ಮ ಸಾಲ ಕೇಳಿದ್ರಾ?"

"ದಿನಾ ಕೇಳ್ತಾರೆ, ಭಯ್ಯಾ! ಚೀಲ ಕೈಗೆ ಕೊಟ್ಟ ತಕ್ಷಣ ನನ್ನ ತಲೆ ಮುಟ್ಟಿ 'ಉಧಾರ್, ಉಧಾರ್' ಅಂತಾರೆ," ಎಂದು ಕಿಶನ್ ಹಿಂದಿಯಲ್ಲಿ ವಿವರಿಸಿದ. "ಇಷ್ಟು ಪ್ರೀತಿಯಿಂದ ಸಾಲ ಕೇಳಿದೋರು ಬೇರೆ ಯಾರೂ ಇಲ್ಲ."

ಆದರ್ಶನಿಗೆ ಈಗ ಹೊಳೆಯಿತು. ಯಾರು ಏನು ಕೊಟ್ಟರೂ "ಉದ್ಧಾರ ಆಗಪ್ಪ" ಎಂದು ಹರಸುವುದು ಅಮ್ಮನ ಅಭ್ಯಾಸ. ಗಿರಾಕಿಗಳು ಸುತ್ತ ನಿಂತು ಬಾಯಿ ಚಪ್ಪರಿಸುತ್ತಿದ್ದರು. ಮಾನ ಹೋಗುವುದಕ್ಕಿಂತ ಕುರ್ಚಿ ಹೋಗುವುದು ಮೇಲೆಂದು ಎತ್ತಿಟ್ಟಿದ್ದ ಹಣವನ್ನೆಲ್ಲ ಅಲ್ಲೇ ಫೋನಿನಿಂದ ಕಳಿಸಿ ಸಾಲ ತೀರಿಸಿದ. ಮೆಟ್ಟಿಲು ಹತ್ತುವಾಗ ಅವನಿಗೆ ನಿಜವಾಗಿಯೂ ಅಳು ಬಂತು.

"ಅಮ್ಮಾ, ಕಿಶನ್ ದುಡ್ಡೇ ತಗೊಳ್ಳಲ್ಲ ಅಂದ್ರೆ ನಿಂಗೆ ಅನುಮಾನ ಬರ್ಲಿಲ್ವಾ?"

"ಹರಸಿ ಪರ್ಸ್ ತೆಗೆದ್ರೆ ಬೇಡ ಬೇಡ ಅಂತ ಕೈ ಮುಗೀತಿದ್ದ ಕಣೋ. ಎಂಥ ಸಂಸ್ಕಾರ, ವಯಸ್ಸಾದೋರ ದುಡ್ಡು ಮುಟ್ಟಲ್ಲ ಅಂದ್ಕೊಂಡೆ."

ಆದರ್ಶನ ಕಣ್ಣು ಅರಳಿತು. ಹಾಗಾದರೆ ಅಮ್ಮನ ಕೈಗೆ ಕೊಟ್ಟ ಹಣ ಹಾಗೇ ಇದೆ! ಬಾಲ್ಕನಿಯಲ್ಲಿ ಬೆತ್ತದ ಕುರ್ಚಿ ಮತ್ತೆ ಮೆಲ್ಲಗೆ ತೂಗತೊಡಗಿತು.

"ಆ ದುಡ್ಡೆಲ್ಲಿ ಅಮ್ಮಾ?"

"ಪುಣ್ಯದ ಕೆಲಸಕ್ಕೆ ಕೊಟ್ಟೆ," ಎಂದರು ಗಿರಿಜಮ್ಮ, ಮುಖ ಬೆಳಗಿಸಿಕೊಂಡು. "ನಿನ್ನೆ ಖುರಾನಾ ಬಂದಿದ್ರು. ಅವರ ಹಿಂದಿ ನಂಗೇನು ಅರ್ಥ ಆಗುತ್ತೆ? 'ಉದ್ಧಾರ, ಉದ್ಧಾರ' ಅಂತ ಕೈ ಮುಗಿದ್ರು. ಯಾವುದೋ ದೇವಸ್ಥಾನದ ಜೀರ್ಣೋದ್ಧಾರ ಅಂತ ಎಲೆ ಅಡಿಕೆ ಜೊತೆ ಎಲ್ಲಾ ಕೊಟ್ಬಿಟ್ಟೆ. 'ವಾಪಸ್ ನಹೀ' ಅಂತಾನೂ ಹೇಳ್ದೆ. ಪಾಪ, ಅವರ ಕಣ್ಣಲ್ಲಿ ನೀರೇ ಬಂದ್ಬಿಡ್ತು."

"ಈಗ್ಲೇ ಹೋಗಿ ವಾಪಸ್ ಕೇಳ್ತೀನಿ!" ಖುರಾನಾ ಕೇಳಿದ್ದು ಉಧಾರ್ ಎಂದು ಹೊಳೆದದ್ದೇ ಆದರ್ಶ ಬಾಗಿಲಿಗೆ ಹಾರಿದ.

ಗಿರಿಜಮ್ಮ ಅವನ ತೋಳು ಹಿಡಿದು ನಿಲ್ಲಿಸಿದರು.

"ಕೊಟ್ಟ ದಾನ ವಾಪಸ್ ಕೇಳ್ತಾರೇನೋ? ಹಾಗೆ ಕೇಳಿದೋರು ಎಲ್ಲಾದ್ರೂ ಉದ್ಧಾರ ಆಗಿದ್ದಾರಾ?"